ಚಳಿಗಾಲದ ಹೊಳೆಯಲ್ಲಿ ಚಿನ್ನ ಹುಡುಕುವುದು ಹೇಗೆ?

ಈ ಚಳೀಲಿ ಹೊಳೆಗೆ ಇಳಿಯೋದಾ ಅಂತ ನಗಬೇಡಿ. ಹಿಮ ಬೀಳುವ ಸೀಮೆಗಳಲ್ಲಿ ಬೆಟ್ಟದ ನೀರೆಲ್ಲ ಈಗ ಮೇಲೆಯೇ ಹೆಪ್ಪುಗಟ್ಟಿ ಕೂತಿರುತ್ತದೆ. ಕೆಳಗೆ ಹೊಳೆ ಇಳಿದು ತಿಳಿಯಾಗಿರುತ್ತದೆ. ಹಿಮ ಕರಗುವ ಕಾಲದಲ್ಲಿ ಮುಳುಗಿರುವ ಬಂಡೆಗಳು ಈಗ ಕೈಗೆ ಸಿಗುತ್ತವೆ.

ಮೊದಲು ಅನುಮತಿ ವಿಚಾರಿಸಿ. ಕೆಲವು ಜಾತಿಯ ಮೀನಿನ ಮೊಟ್ಟೆಗಳು ಈಗ ಜಲ್ಲಿಯೊಳಗೆ ಇರುತ್ತವೆ. ಅಂಥ ಕಡೆ ಅಗೆಯುವುದು ಬೇಡ.

ಇನ್ನು ಜಾಗ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಮಾಮೂಲಿ ಮರಳು ಮೂರು ಪಟ್ಟೂ ಇಲ್ಲ. ಹಾಗಾಗಿ ನೀರಿನ ರಭಸ ಸೋತಲ್ಲೇ ಚಿನ್ನ ಕೂರುತ್ತದೆ: ತಿರುವಿನ ಒಳಮಗ್ಗುಲು, ದೊಡ್ಡ ಗುಂಡುಕಲ್ಲಿನ ಹಿಂದೆ, ತಳಬಂಡೆಯ ಬಿರುಕು. ನನ್ನನ್ನು ಕೇಳಿದರೆ ಬಿರುಕೇ ವಾಸಿ, ಅದೂ ಹರಿವಿಗೆ ಅಡ್ಡಲಾಗಿರುವುದು. ಮೇಲಿನ ಸಡಿಲ ಮರಳಿಗೆ ಆಸೆಪಡಬೇಡಿ. ಅಡಿಯಲ್ಲಿ ಕಚ್ಚಿಕೊಂಡ ಮಣ್ಣನ್ನು ಹಳೇ ಸ್ಕ್ರೂಡ್ರೈವರ್‌ನಲ್ಲಿ ಕೆರೆದು, ಚಮಚದಲ್ಲಿ ಬಾಚಿಕೊಳ್ಳಿ.

ಆಮೇಲೆ ಗಾಳಿಸುವ ಕೆಲಸ. ಬಾಚಿದ್ದನ್ನು ಅಗಲ ತಟ್ಟೆಗೆ ಹಾಕಿ, ನೀರಲ್ಲಿ ಮುಳುಗಿಸಿ, ಮಣ್ಣುಂಡೆಗಳನ್ನು ಕೈಯಲ್ಲಿ ಕಿವುಚಿ. ಜೋರಾಗಿ ಅಲ್ಲಾಡಿಸಿದರೆ ಭಾರದ್ದು ತಳ ಸೇರುತ್ತದೆ. ತಟ್ಟೆ ಸ್ವಲ್ಪ ಓರೆ ಮಾಡಿ, ಮೇಲಿನ ಮರಳನ್ನು ನೀರಿನೊಂದಿಗೆ ಹೊರಗೆ ಬಿಡಿ. ಮತ್ತೆ ಅಲ್ಲಾಡಿಸಿ, ಮತ್ತೆ ಬಿಡಿ. ಇಲ್ಲೇ ಚಳಿಗಾಲದ ಒಂದು ಕಿತಾಪತಿ ಇದೆ. ಕೊರೆಯುವ ನೀರು ಬೆಚ್ಚಗಿನ ನೀರಿಗಿಂತ ಮಂದ. 0 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ, ಅಂದರೆ ಹರಿಯಲು ತಡೆಯೊಡ್ಡುವ ಗುಣ, 20 ಡಿಗ್ರಿಯಲ್ಲಿ ಇರುವುದಕ್ಕಿಂತ ಸುಮಾರು 1.8 ಪಟ್ಟು. ಹಿಟ್ಟಿನಂಥ ಸಣ್ಣ ಚಿನ್ನ ತಳ ಸೇರಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಆದರೆ ಬೆರಳು ಮರಗಟ್ಟಿದಾಗ ನಾವು ಮಾಡುವುದೇ ಅವಸರ, ಅಲ್ವಾ? ನಾನೂ ಮೊದಮೊದಲು ಹಾಗೆಯೇ ಅರ್ಧ ತಟ್ಟೆ ಹೊಳೆಗೇ ವಾಪಸ್ ಕೊಟ್ಟಿದ್ದೇನೆ.

ಅದಕ್ಕೇ ಕೊನೆಯ ಹಂತವನ್ನು ಅಲ್ಲಿ ಮಾಡಬೇಡಿ. ಒಂದು ಹಿಡಿ ಕಪ್ಪು ಮರಳು ಉಳಿದ ಕೂಡಲೇ ಡಬ್ಬಿಗೆ ಹಾಕಿ ಮನೆಗೆ ತನ್ನಿ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಟ್ಟು ನಿಧಾನವಾಗಿ ಗಾಳಿಸಿ. ಸೋಪಿದ್ದರೆ ಸಣ್ಣ ಚೂರು ತೇಲಿ ಹೋಗುವುದಿಲ್ಲ.

ನಿಯೋಪ್ರೀನ್ ಗ್ಲೌಸ್, ಒಂದು ಜೊತೆ ಒಣ ಬಟ್ಟೆ, ಜೊತೆಗೊಬ್ಬರು, ಇಷ್ಟಿಲ್ಲದೆ ಹೊರಡಬೇಡಿ. ದಡದ ಮಂಜುಗಡ್ಡೆ ಮೇಲೆ ಕಾಲಿಡಬೇಡಿ, ಕೆಳಗೆ ಬರೀ ನೀರಿರಬಹುದು. ನಡುಕ ಶುರುವಾಯಿತೋ, ಅವತ್ತಿನ ಕೆಲಸ ಮುಗಿಯಿತು.

ಹಳದಿ ಚೂರು ಕಂಡಿತಾ? ತಟ್ಟೆಯನ್ನು ನಿಮ್ಮ ನೆರಳಿಗೆ ತನ್ನಿ. ಅಭ್ರಕದ ಮಿಂಚು ಅಲ್ಲೇ ಆರುತ್ತದೆ. ಸೂಜಿಯಿಂದ ಒತ್ತಿ ನೋಡಿ. ಪುಡಿಯಾದರೆ ಪೈರೈಟ್, ಚಿನ್ನದಂತೆ ಕಾಣುವ ಬೇರೆ ಖನಿಜ. ತಗ್ಗು ಬಿದ್ದು ಹಾಗೇ ಉಳಿದರೆ ಚಿನ್ನ.