ಸೈಲೆನ್ಸರ್ ಮುಟ್ಟಲಿಲ್ಲ, ಸ್ಪ್ರಿಂಗ್ ಬದಲಿಸಿದೆ

ಕಲಬುರಗಿಯಲ್ಲಿ ನನ್ನ ಕವಾಸಾಕಿ ನಿಂಜಾ 650 ಬೈಕ್ ಎಲ್ಲಿ ನಿಂತರೂ ಜನ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಆವರೇಜ್ ಕೊಡುತ್ತದೆ, ಸೈಲೆನ್ಸರ್ ಯಾವಾಗ ಬದಲಿಸುತ್ತೀರಿ? ಬದಲಿಸುವುದಿಲ್ಲ ಎಂದರೆ ನಂಬುವುದಿಲ್ಲ. 649 ಸಿಸಿಯ ಎರಡು ಸಿಲಿಂಡರಿನ ಈ ಎಂಜಿನ್ 68 ಪಿಎಸ್ ಶಕ್ತಿ ಕೊಡುತ್ತದೆ; ರೇಸ್ ಟ್ರ್ಯಾಕ್‌ನಲ್ಲಿ ಅದು ಸಾಲದು ಎಂದು ನನಗೆ ಒಮ್ಮೆಯೂ ಅನಿಸಿಲ್ಲ. ಸಾಲದೇ ಹೋದದ್ದು ಬ್ರೇಕ್ ಮತ್ತು ಮುಂದಿನ ಫೋರ್ಕ್, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಸ್ಪ್ರಿಂಗ್ ಇರುವ ಜೋಡಿ ಕೊಳವೆ.

ಅದು ತಿಳಿದದ್ದು ಮೊದಲ ಟ್ರ್ಯಾಕ್ ದಿನವೇ. ನಮಗೆ ಒದಗುವ ಟ್ರ್ಯಾಕ್ ಎಂದರೆ ಚೆನ್ನೈ ಹೊರಗಿನ ಇರುಂಗಾಟ್ಟುಕೋಟ್ಟೈ, ಒಂದು ಸುತ್ತಿಗೆ 3.7 ಕಿ.ಮೀ. ಇಲ್ಲಿಂದ 700 ಕಿ.ಮೀ.ಗೂ ಹೆಚ್ಚು ದೂರ. ಬೇಳೆ ಚೀಲ ಸಾಗಿಸುವ ಪಿಕಪ್ ಬಾಡಿಗೆಗೆ ಹಿಡಿದು, ಬೈಕನ್ನು ನಾಲ್ಕೂ ಕಡೆ ಪಟ್ಟಿಯಿಂದ ಬಿಗಿದು ಹೊರಟೆವು. ನಾಲ್ಕನೇ ಸುತ್ತಿನಲ್ಲಿ, ನೇರ ಓಟದ ಕೊನೆಗೆ ಬ್ರೇಕ್ ಹಿಡಿದರೆ ಲಿವರ್ ಮೆತ್ತಗೆ ಹ್ಯಾಂಡಲ್‌ವರೆಗೂ ಬಂದುಬಿಟ್ಟಿತು. ಎರಡು ಮೂರು ಸಲ ಒತ್ತಿ ಬಿಟ್ಟ ಮೇಲೆ ಹಿಡಿತ ಸಿಕ್ಕಿತು. ಅಷ್ಟರಲ್ಲಿ ತಿರುವಿನ ಹೊರ ಅಂಚು ಮುಟ್ಟಿದ್ದೆ. ಕೈ ಎತ್ತಿ ನಿಧಾನವಾಗಿ ಪಿಟ್‌ಗೆ ಮರಳಿದೆ. ಹೆಲ್ಮೆಟ್ ತೆಗೆದಾಗ ಬೆರಳುಗಳು ನಡುಗುತ್ತಿದ್ದವು.

ಕಾರಣ ಹಳೆಯ ಬ್ರೇಕ್ ಆಯಿಲ್. ಎರಡು ವರ್ಷದಿಂದ ಬದಲಿಸಿರಲಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಒಳಗೆ ಆವಿಯ ಗುಳ್ಳೆ. ದ್ರವವನ್ನು ಒತ್ತಿದರೆ ಬಲ ಪ್ಯಾಡ್‌ಗೆ ತಲುಪುತ್ತದೆ, ಆವಿಯನ್ನು ಒತ್ತಿದರೆ ಆವಿಯೇ ಕುಗ್ಗುತ್ತದೆ. ಊರಿಗೆ ಬಂದು, ಪ್ಯಾಡ್ ಒತ್ತುವ ಕ್ಯಾಲಿಪರ್‌ನಲ್ಲಿ ಆಯಿಲ್ ಹೊರಬಿಡುವ ನಿಪ್ಪಲ್‌ಗೆ ಪಾರದರ್ಶಕ ಕೊಳವೆ ಸಿಕ್ಕಿಸಿ ಹೊರತೆಗೆದಾಗ ಬಂದದ್ದು ಬೆಲ್ಲದ ನೀರಿನ ಬಣ್ಣದ ಆಯಿಲ್. ಲಿವರ್ ಒತ್ತು, ನಿಪ್ಪಲ್ ಸಡಿಲಿಸು, ಬಿಗಿ ಮಾಡು, ಆಮೇಲೆ ಲಿವರ್ ಬಿಡು. ಈ ಕ್ರಮ ತಪ್ಪಿದರೆ ಗಾಳಿ ಒಳಗೆ ಹೋಗುತ್ತದೆ. ಕೊಳವೆಯಲ್ಲಿ ಗುಳ್ಳೆ ಬರುವುದು ನಿಂತು, ಬಣ್ಣ ತಿಳಿಯಾಗುವವರೆಗೆ ತಮ್ಮನೂ ನಾನೂ ಮುಕ್ಕಾಲು ಗಂಟೆ ಕುಳಿತಿದ್ದೆವು. ಈಗ 300 ಡಿಗ್ರಿ ದಾಟಿದರೂ ಕುದಿಯದ ಆಯಿಲ್, ಉಕ್ಕಿನ ಹೆಣಿಗೆಯ ಬ್ರೇಕ್ ಪೈಪ್, ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡ್. ಪ್ರತಿ ಟ್ರ್ಯಾಕ್ ದಿನಕ್ಕೂ ಮೊದಲು ಆಯಿಲ್ ಹೊಸದು. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಇನ್ನು ಫೋರ್ಕ್. ಕಂಪನಿಯ ಸ್ಪ್ರಿಂಗ್ ನಮ್ಮ ಹದಗೆಟ್ಟ ರಸ್ತೆಗೆ ಹಿತ; ಟ್ರ್ಯಾಕ್‌ನಲ್ಲಿ ಬ್ರೇಕ್ ಹಿಡಿದರೆ ಬೈಕಿನ ಮೂಗು ನೆಲಕ್ಕೆ ಬಾಗುತ್ತಿತ್ತು. ನಾನು 84 ಕಿಲೋ. ಚರ್ಮದ ಸೂಟು, ಬೂಟು, ಹೆಲ್ಮೆಟ್ ಸೇರಿ ಇನ್ನೂ ಹತ್ತು. ಫೋರ್ಕ್‌ನ ಹೊಳೆಯುವ ಕೊಳವೆಗೆ ಒಂದು ಕೇಬಲ್ ಟೈ ಸುತ್ತಿದೆ; ಫೋರ್ಕ್ ಕುಸಿದಷ್ಟು ಅದು ಸರಿದು ಅಲ್ಲೇ ನಿಲ್ಲುತ್ತದೆ. ಪೂರ್ತಿ ಉಡುಪಿನಲ್ಲಿ ಸೀಟಿನ ಮೇಲೆ ಕುಳಿತೆ, ತಮ್ಮ ಬೈಕ್ ಹಿಡಿದ, ಹೆಂಡತಿ ಟೇಪ್ ಹಿಡಿದು ಅಳೆದಳು. ಫೋರ್ಕ್ ಕುಸಿಯಬಲ್ಲ 125 ಮಿ.ಮೀ. ಆಟದಲ್ಲಿ 52 ಮಿ.ಮೀ. ನನ್ನ ಭಾರಕ್ಕೇ ಕುಸಿದಿತ್ತು. ಬ್ರೇಕ್ ಹಿಡಿಯುವ ಮೊದಲು ಮುಕ್ಕಾಲು ಪಾಲು ಆಟ ಉಳಿಯಬೇಕಾದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಉಳಿದಿತ್ತು.

ನನ್ನ ತೂಕಕ್ಕೆ ಮಿಲಿಮೀಟರಿಗೆ 0.95 ಕಿಲೋದ, ಅಂದರೆ ಒಂದು ಮಿ.ಮೀ. ಕುಗ್ಗಲು ಅಷ್ಟು ಭಾರ ಬೇಡುವ, ಸ್ಪ್ರಿಂಗ್ ತರಿಸಿದೆ. ಅದರ ಮೇಲೆ ಕೂರುವ ಸ್ಪೇಸರ್‌ಗೆ ದಪ್ಪ ಪಿವಿಸಿ ಪೈಪ್ ಸಾಕು. ಗರಗಸದಲ್ಲಿ ಕತ್ತರಿಸಿಕೊಂಡು ಕಪನೂರ ಕೈಗಾರಿಕಾ ಪ್ರದೇಶಕ್ಕೆ, ಬೇಳೆ ಮಿಲ್ಲುಗಳ ಶಾಫ್ಟ್ ಮಾಡಿಕೊಡುವ ಲೇತ್ ಕಾಕಾನ ಬಳಿಗೆ ಹೋದೆ. ಅವರು ತುಂಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, “ತುದಿ ಸಮ ಇಲ್ಲ ತಮ್ಮಾ, ಸ್ಪ್ರಿಂಗ್ ಓರೆಯಾಗಿ ಕೂರುತ್ತದೆ” ಎಂದರು. ಲೇತ್‌ಗೆ ಹಾಕಿ ಎರಡೂ ತುದಿ ಕೆರೆದುಕೊಟ್ಟರು. ಸ್ಪ್ರಿಂಗ್ ಇಲ್ಲದಾಗಲೇ ಫೋರ್ಕನ್ನು ಪೂರ್ತಿ ಒಳಕ್ಕೆ ಒತ್ತಿ, ಎಲ್ಲಿಯವರೆಗೆ ಹೋಗುತ್ತದೆಂದು ಅಳೆದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆವು. ಜೋಡಿಸಿದ ಮೇಲೆ ಕುಸಿತ 34 ಮಿ.ಮೀ.ಗೆ ಬಂತು.

ಎಂಜಿನ್ ಆಯಿಲ್ ಬೋಲ್ಟಿನ ತಲೆಗೆ ಸಣ್ಣ ರಂಧ್ರ ಕೊರೆದು ತಂತಿ ಬಿಗಿಯುವುದನ್ನೂ ಕಾಕಾ ಮಾಡಿಕೊಟ್ಟರು. ಆ ಬೋಲ್ಟ್ ಸಡಿಲಾದರೆ ಹಿಂದೆ ಬರುವವರೆಲ್ಲ ನಮ್ಮ ಆಯಿಲ್ ಮೇಲೆ ಜಾರುತ್ತಾರೆ. ಕನ್ನಡಿ ಬಿಚ್ಚುವುದು, ದೀಪದ ಗಾಜಿಗೆ ಟೇಪ್ ಅಂಟಿಸುವುದು ಟ್ರ್ಯಾಕ್‌ನಲ್ಲೇ ಆಗುವ ಕೆಲಸ.

ಸೈಲೆನ್ಸರ್ ವಿಷಯಕ್ಕೆ ಬಂದರೆ, ಕೆಎ 32 ಸಂಖ್ಯೆಯ ಈ ಬೈಕ್ ಉಳಿದ ದಿನಗಳಲ್ಲಿ ಸೇಡಂ ರಸ್ತೆಯಲ್ಲೇ ಓಡುತ್ತದೆ. ವಾಹನದ ಮೂಲ ರೂಪ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ನಿದ್ದೆ ಮಾಡುವ ಅಕ್ಕಪಕ್ಕದವರೂ ಇದ್ದಾರೆ. ಟ್ರ್ಯಾಕ್‌ನಲ್ಲಿ ಬಿದ್ದರೆ ಸಾಮಾನ್ಯ ವಿಮೆ ಹಣ ಕೊಡುವುದಿಲ್ಲ ಎಂಬುದನ್ನು ಮಾತ್ರ ಹೊರಡುವ ಮೊದಲೇ ಮನೆಯವರಿಗೆ ಹೇಳಿ ಹೋಗಿ. ನಾನು ಆ ದುಡ್ಡು ಬೇರೆ ತೆಗೆದಿಟ್ಟಿರುತ್ತೇನೆ.

ಎರಡನೇ ಸಲ ಇರುಂಗಾಟ್ಟುಕೋಟ್ಟೈಯಲ್ಲಿ ದಿನವಿಡೀ ಲಿವರ್ ಕಲ್ಲಿನಂತಿತ್ತು. ಮರಳಿದ ಮೇಲೆ ಕೇಬಲ್ ಟೈ ನಿಂತ ಜಾಗ ಹಾಗೆಯೇ ಇರಲೆಂದು ಬೈಕನ್ನು ಪಿಕಪ್‌ನಿಂದ ಇಳಿಸುವ ಮೊದಲೇ ಕಾಕಾನ ಅಂಗಳಕ್ಕೆ ಒಯ್ದೆ. ಪಟ್ಟಿ ಬಿಗಿದರೆ ಫೋರ್ಕ್ ಕುಸಿದು ಟೈ ಸರಿದೀತೆಂದು, ಅದಕ್ಕೂ ಮುಂಚೆ ಬಣ್ಣದಲ್ಲಿ ಗುರುತು ಹಾಕಿದ್ದೆ. ಅವರು ಸ್ಕೇಲ್ ಇಟ್ಟು, ಗೋಡೆಯ ಮೇಲಿನ ಅಂಕಿ ನೋಡಿ, “ಇನ್ನೂ 14 ಮಿ.ಮೀ. ಉಳಿದಿದೆಯಲ್ಲ” ಎಂದರು. ಫೋರ್ಕ್ ತಳ ಬಡಿಯದಿರಲು ಅಷ್ಟು ಉಳಿಯಬೇಕು ಕಾಕಾ ಎಂದೆ. ಅದನ್ನೂ ಅವರು ಹಳೆಯ ಅಂಕಿಯ ಕೆಳಗೆ ಬರೆದರು.