ನೀರು ಹೇಗಿತ್ತು? ಈಜಿನ ಬಗ್ಗೆ ಬರೆಯುವಾಗ ಪದ ಆರಿಸುವ ಬಗೆ

ಬೇಸಿಗೆ ರಜೆ ಮುಗಿದ ಮೇಲೆ ಮಕ್ಕಳ ಪ್ರಬಂಧ ಓದಲು ಕೂತರೆ ಒಂದು ವಾಕ್ಯ ಮತ್ತೆ ಮತ್ತೆ ಸಿಗುತ್ತದೆ: ‘ನಾವು ಸುಂದರವಾದ ಹೊಳೆಯಲ್ಲಿ ತುಂಬಾ ಚೆನ್ನಾಗಿ ಈಜಿದೆವು.’ ತಪ್ಪೇನೂ ಇಲ್ಲ. ಆದರೆ ಓದಿದವರ ಮೈಗೆ ಒಂದು ಹನಿಯೂ ತಾಕುವುದಿಲ್ಲ. ಬರೆದ ಹುಡುಗಿಯನ್ನೇ ಕರೆದು ‘ನೀರು ಹೇಗಿತ್ತಮ್ಮಾ?’ ಅಂತ ಕೇಳಿ. ‘ಅಯ್ಯೋ, ಕಾಲಿಟ್ರೆ ಕೊರೆಯೋದು! ಕೆಳಗೆ ಕಲ್ಲೆಲ್ಲಾ ಜಾರೋದು’ ಅಂತಾಳೆ. ಬೇಕಾದ ಪದಗಳು ಬಾಯಲ್ಲೇ ಇವೆ. ಪೆನ್ನು ಹಿಡಿದ ಕೂಡಲೇ ಅವು ಓಡಿಹೋಗುತ್ತವೆ. ಅವನ್ನು ಹಿಡಿದು ಕಾಗದಕ್ಕೆ ತರುವುದು ಹೇಗೆ ಅಂತ ನೋಡೋಣ. ಶಾಲೆಯ ಪ್ರಬಂಧಕ್ಕೂ ಸರಿ, ಪ್ರವಾಸದ ಬರಹಕ್ಕೂ ಸರಿ, ಆಟದ ವರದಿಗೂ ಸರಿ.

ಹಂತ 1: ಯಾವ ನೀರು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಬಾವಿಯ ನೀರು ಬೇರೆ, ಹೊಳೆಯ ನೀರು ಬೇರೆ, ಕಡಲ ನೀರು ಬೇರೆ. ಎಲ್ಲಕ್ಕೂ ‘ತಣ್ಣನೆಯ ನೀಲಿ ನೀರು’ ಅಂದರೆ ಆಗುವುದಿಲ್ಲ.

ನಾನು ಈಜು ಕಲಿತದ್ದು ತೋಟದ ಬಾವಿಯಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಮಧ್ಯಾಹ್ನ ನೀರಿಗಿಳಿದರೆ ಎದೆಯ ಹತ್ತಿರ ಹಿತವಾಗಿ ಬೆಚ್ಚಗಿರುತ್ತಿತ್ತು. ಕಾಲು ಇಳಿಬಿಟ್ಟರೆ ಜುಂ ಅನ್ನುವ ಚಳಿ. ಬಿಸಿಲಿಗೆ ಕಾಯುವುದು ಮೇಲಿನ ನೀರು. ಕಾದ ನೀರು ಹಗುರ, ಅದು ಮೇಲೆಯೇ ನಿಲ್ಲುತ್ತದೆ. ಹಾಗಾಗಿ ‘ತಣ್ಣನೆಯ ಬಾವಿ’ ಅಂತ ಬರೆದರೆ ಅರ್ಧ ಮಾತ್ರ ಹೇಳಿದಂತೆ. ‘ಎದೆಗೆ ಬೆಚ್ಚಗಿನ, ಪಾದಕ್ಕೆ ಕೊರೆಯುವ ನೀರು’ ಅನ್ನಿ. ಬಾವಿಯಲ್ಲಿ ಈಜಿದವರೆಲ್ಲ ಹೌದು ಹೌದು ಅಂತಾರೆ.

ಹೊಳೆಗೆ ಕಾಲ ಮುಖ್ಯ. ಮುಂಗಾರಿನ ಹೊಸ ನೀರು ಕೆಂಪು, ರಾಡಿ. ಮಳೆ ನಿಂತು ಕೆಲವು ವಾರ ಕಳೆದರೆ ಅದೇ ಹೊಳೆ ತಿಳಿ, ತಳದ ಕಲ್ಲು ಎಣಿಸಬಹುದು. ಕಡಲಿನದು ಉಪ್ಪು ನೀರು, ಮೈ ಒಣಗಿದ ಮೇಲೂ ಅಂಟಂಟು. ಈಜುಕೊಳಕ್ಕೆ ಕ್ಲೋರಿನ್ ವಾಸನೆ, ಉರಿಯುವ ಕಣ್ಣು. ದೊಡ್ಡ ಸ್ಪರ್ಧೆಗಳಲ್ಲಿ ಕೊಳದ ನೀರನ್ನು 25ರಿಂದ 28 ಡಿಗ್ರಿ ಸೆಲ್ಸಿಯಸ್ ಒಳಗೆ ಇಟ್ಟಿರುತ್ತಾರೆ. ಅಲ್ಲಿಗೆ ‘ಮೂಳೆ ಕೊರೆಯುವ ನೀರು’ ಅಂತ ಬರೆದರೆ ಈಜುಗಾರರು ನಂಬುವುದಿಲ್ಲ.

ಹಂತ 2: ಕಣ್ಣಿಗೆ ಕೊನೆಯ ಸರದಿ ಕೊಡಿ

ನೀರು ನೋಡುವ ವಸ್ತು ಅನ್ನುವುದು ದಡದಲ್ಲಿ ನಿಂತವರ ಮಾತು. ಈಜುವವರಿಗೆ ಅದು ಮೊದಲು ಚರ್ಮಕ್ಕೆ ತಿಳಿಯುತ್ತದೆ, ಆಮೇಲೆ ಕಿವಿ, ಮೂಗು, ನಾಲಿಗೆಗೆ. ಬರೆಯುವಾಗಲೂ ಅದೇ ಸಾಲಿನಲ್ಲಿ ಹೋಗಿ. ಮೂಗಿಗೆ ನೀರು ಹೊಕ್ಕಾಗ ನೆತ್ತಿಗೇರುವ ಉರಿಯನ್ನು ಯಾರೂ ‘ಸುಂದರ’ ಅನ್ನುವುದಿಲ್ಲ ಅಲ್ವಾ?

ಕಿವಿಯನ್ನು ಬಹಳ ಜನ ಮರೆಯುತ್ತಾರೆ. ನೀರೊಳಗೆ ಸದ್ದು ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ವೇಗದಲ್ಲಿ ಹೋಗುತ್ತದೆ. ಎರಡೂ ಕಿವಿಗೆ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟುವುದರಿಂದ ಎತ್ತಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಇದನ್ನೇ ವಿಶೇಷಣ ಮಾಡಿಕೊಳ್ಳಿ: ‘ದಿಕ್ಕು ತಿಳಿಯದ ಸದ್ದು’. ಮುಳುಗು ಹಾಕಿದ ಅನುಭವ ಇಷ್ಟರಲ್ಲೇ ಬಂತು.

ಹಂತ 3: ಕನ್ನಡದ್ದೇ ಅಚ್ಚು ಬಳಸಿ

ವಿಶೇಷಣ ಅಂದ ತಕ್ಷಣ ರಮಣೀಯ, ರೋಮಾಂಚಕ, ಆನಂದಮಯ ಅಂತ ಶುರು ಮಾಡಬೇಡಿ. ಅವು ಬೆಟ್ಟಕ್ಕೂ ನಡೆಯುತ್ತವೆ, ಮದುವೆಗೂ ನಡೆಯುತ್ತವೆ. ನೀರಿಗೇ ಒಪ್ಪುವ ಪದ ಮಾಡಿಕೊಳ್ಳಲು ನಮ್ಮ ಭಾಷೆಯಲ್ಲಿ ಎಷ್ಟು ದಾರಿಗಳಿವೆ ನೋಡಿ.

ಒಂದು, ತಣ್ಣನೆಯ, ನುಣ್ಣನೆಯ, ತೆಳ್ಳನೆಯ ಅನ್ನುವ ಜಾತಿ. ಮುಟ್ಟಿ ನೋಡಿ ಹೇಳಿದಂತಿರುತ್ತವೆ. ಎರಡು, ಪದವನ್ನು ನೀರಿಗೇ ಅಂಟಿಸುವುದು: ತಣ್ಣೀರು, ತಿಳಿನೀರು, ಕೆನ್ನೀರು. ಎರಡು ಪದದ ಕೆಲಸ ಒಂದರಲ್ಲೇ ಮುಗಿಯುತ್ತದೆ. ಇನ್ನೊಂದು, ಕ್ರಿಯಾಪದದಿಂದ ಮಾಡಿಕೊಳ್ಳುವುದು: ಜಾರುವ ಮೆಟ್ಟಿಲು, ಎಳೆಯುವ ನೀರು, ಸೋತ ತೋಳು, ಸುಕ್ಕಾದ ಬೆರಳು. ಈಜು ನಿಲ್ಲದ ಚಲನೆ. ಅದಕ್ಕೇ ನನಗೆ ಈ ಕೊನೆಯ ಬಗೆ ಎಲ್ಲಕ್ಕಿಂತ ಇಷ್ಟ.

ಇನ್ನು ಆಳ. ‘ಆಳವಾದ ನೀರು’ ಅಂದರೆ ಎಷ್ಟು? ಆರು ವರ್ಷದ ಮಗುವಿಗೆ ನಾಲ್ಕಡಿಯೂ ಆಳವೇ. ನಮ್ಮ ಹಿರಿಯರು ಮೈಯಿಂದಲೇ ಅಳೆದರು: ಮೊಣಕಾಲುದ್ದ, ಸೊಂಟಮಟ್ಟ, ಎದೆಮಟ್ಟ, ಕುತ್ತಿಗೆಮಟ್ಟ, ಆಳುದ್ದ. ‘ಕುತ್ತಿಗೆಮಟ್ಟದ ನೀರು’ ಅಂದರೆ ಆಳವೂ ತಿಳಿಯಿತು, ನಿಂತವರ ಭಯವೂ ತಿಳಿಯಿತು.

ಈಗ ಆ ಹುಡುಗಿಯ ವಾಕ್ಯಕ್ಕೆ ಬರೋಣ. ‘ಸುಂದರವಾದ’ ತೆಗೆಯಿರಿ. ‘ತುಂಬಾ ಚೆನ್ನಾಗಿ’ ತೆಗೆಯಿರಿ. ಅವಳು ಬಾಯಲ್ಲಿ ಹೇಳಿದ್ದನ್ನು ಸೇರಿಸಿ: ‘ಸೊಂಟಮಟ್ಟದ ತಿಳಿನೀರು. ಕಾಲಿಟ್ಟರೆ ಕೊರೆಯುತ್ತಿತ್ತು. ಜಾರುವ ಕಲ್ಲುಗಳ ಮೇಲೆ ನಿಲ್ಲಲಾರದೆ ಈಜತೊಡಗಿದೆವು.’ ಹೊಳೆ ಸುಂದರ ಅಂತ ಈಗ ಹೇಳಬೇಕಿಲ್ಲ. ಒಂದು ನಾಮಪದಕ್ಕೆ ಒಂದೇ ವಿಶೇಷಣ ಸಾಕು. ಎರಡನೆಯದು ಹೊಸ ಸುದ್ದಿ ತಂದರೆ ಮಾತ್ರ ಇರಲಿ.

ಹಂತ 4: ಈಜುಗಾರರ ಬಗ್ಗೆ ಬರೆಯುವಾಗ ಆಟ ತಿಳಿದುಕೊಳ್ಳಿ

‘ಮಿಂಚಿನ ವೇಗ’ವನ್ನು ಬಿಟ್ಟುಬಿಡಿ. ಬೆಂಗಳೂರಿನ ಶ್ರೀಹರಿ ನಟರಾಜ್ 2021ರಲ್ಲಿ ರೋಮ್‌ನಲ್ಲಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಈಜಿ ಟೋಕಿಯೊ ಒಲಿಂಪಿಕ್ಸ್ ಅರ್ಹತೆಯ ಮಟ್ಟ ಮುಟ್ಟಿದರು. ತೆಗೆದುಕೊಂಡ ಸಮಯ 53.77 ಸೆಕೆಂಡ್. ‘53.77 ಸೆಕೆಂಡಿನ ಈಜು’ ಅನ್ನಿ. ಇಲ್ಲಿ ಅಂಕಿಯೇ ಒಳ್ಳೆಯ ವಿಶೇಷಣ.

ಬ್ಯಾಕ್‌ಸ್ಟ್ರೋಕ್‌ನಲ್ಲಿ ಈಜುಗಾರ ಅಂಗಾತ ಮಲಗಿ ಹೋಗುತ್ತಾನೆ. ಮುಟ್ಟಬೇಕಾದ ಗೋಡೆ ಅವನಿಗೆ ಕಾಣುವುದೇ ಇಲ್ಲ. ಗೋಡೆಗೆ 5 ಮೀಟರ್ ಮೊದಲು ಮೇಲೆ ಕಟ್ಟಿದ ಪುಟ್ಟ ಬಾವುಟಗಳನ್ನು ನೋಡಿ, ಅಲ್ಲಿಂದ ಕೈ ಬೀಸು ಎಣಿಸುತ್ತಾನೆ. ಇಷ್ಟು ಗೊತ್ತಿದ್ದರೆ ‘ಕಾಣದ ಗೋಡೆ’, ‘ಎಣಿಸಿಟ್ಟ ಬೀಸು’ ಅನ್ನುವ ಪದಗಳು ತಾವಾಗಿ ಬರುತ್ತವೆ.

ಹಂತ 5: ‘ಶಾಂತ’ ಅನ್ನುವ ಮೊದಲು ಎರಡು ಸಲ ಯೋಚಿಸಿ

ಇದನ್ನು ದಯವಿಟ್ಟು ನೆನಪಿಡಿ. ಪ್ರವಾಸದ ಬರಹಗಳಲ್ಲಿ ‘ಶಾಂತವಾದ ಕಡಲು’ ಅಂತ ಓದಿದಾಗಲೆಲ್ಲ ನನ್ನ ಎದೆ ಝಲ್ಲೆನ್ನುತ್ತದೆ. ದಡದಿಂದ ನೋಡಿದರೆ ಅಲೆಗಳು ನೊರೆಯಾಗಿ ಒಡೆಯುತ್ತಿರುತ್ತವೆ, ನಡುವೆ ಒಂದು ಜಾಗ ಮಾತ್ರ ಸುಮ್ಮನಿರುತ್ತದೆ. ಗೊತ್ತಿಲ್ಲದವರು ಈಜಲು ಅದೇ ಒಳ್ಳೆಯ ಜಾಗ ಅಂದುಕೊಳ್ಳುತ್ತಾರೆ. ಆದರೆ ದಡಕ್ಕೆ ಬಂದ ನೀರು ವಾಪಸ್ ಹೋಗುವ ಸೆಳೆತ ಬಹಳ ಸಲ ಅಲ್ಲೇ ಇರುತ್ತದೆ. ಹೊಳೆಯ ಮಡುವೂ ಹಾಗೇ. ಮೇಲೆ ಒಂದು ಎಲೆಯೂ ಅಲುಗದು, ಕೆಳಗೆ ಎರಡಾಳು ನೀರು.

ನಿಮ್ಮ ಬರಹ ಓದಿ ಯಾರೋ ಭಾನುವಾರ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಬಹುದು. ಅದಕ್ಕೆ ಕಂಡದ್ದನ್ನು ಕಂಡ ಹಾಗೇ ಬರೆಯಿರಿ: ‘ಎರಡು ಕಡೆ ಬಿಳಿ ನೊರೆ. ನಡುವೆ ನೊರೆಯಿಲ್ಲದ, ಕಪ್ಪಾಗಿ ಕಾಣುವ, ಒಳಕ್ಕೆ ಎಳೆಯುವ ನೀರಿನ ಪಟ್ಟಿ.’