ಹಗೇವಿನಲ್ಲಿ ಹದಿನೆಂಟು ತಿಂಗಳು ಇಟ್ಟ ಶಕ್ಕರ್‌ಪಾರೆ

ಯುಗಾದಿಗೆ ಹಗೇವು ತೆಗೆದೆವು. ಮಧುಗಿರಿ ಹತ್ತಿರದ ನಮ್ಮ ಹಳೇ ಮನೆ ಅಂಗಳದಲ್ಲಿದೆ, ನೆಲದೊಳಗೆ ತೋಡಿದ ಕಣಜ, ತಾತ ರಾಗಿ ತುಂಬಿಸುತ್ತಿದ್ದದ್ದು. ಒಂದೂವರೆ ವರ್ಷದ ಹಿಂದೆ ಇಳಿಸಿದ್ದ ಶಕ್ಕರ್‌ಪಾರೆ ಪೌಚ್ ಕತ್ತರಿಸಿದೆ. ಕಟುಂ ಅಂತ ಮುರಿಯಿತು. ಮುಗ್ಗು ಇಲ್ಲ, ಕಮಟು ಇಲ್ಲ. "ಹವಾಲ್ದಾರ್ರೇ, ಮಣ್ಣಲ್ಲಿ ಹೂತಿಟ್ಟ ತಿಂಡಿ ಯಾರ್ ತಿಂತಾರೆ?" ಅಂದಿದ್ದ ಪಕ್ಕದ ಮನೆಯವರೇ ನಾಲ್ಕು ತುಂಡು ತಿಂದು, ಮಗುವಿಗೂ ಎರಡು ಕೇಳಿದರು.

ಸೈನ್ಯದಲ್ಲಿ ಇಪ್ಪತ್ತು ವರ್ಷ ಪ್ಯಾಕೆಟ್ ರೇಷನ್ ತಿಂದವನು ನಾನು. ರಾಜಸ್ಥಾನದಲ್ಲಿ ತಾರೀಖು ಇರುವಾಗಲೇ ಕಮಟು ಹೊಡೆದದ್ದು ನೋಡಿದ್ದೇನೆ. ಅಮೆರಿಕ ಸೈನ್ಯದ ಸಿದ್ಧ ಊಟದ ಪ್ಯಾಕೆಟ್ ಎಂಆರ್‌ಇ 27 ಡಿಗ್ರಿಯಲ್ಲಿ 3 ವರ್ಷ ಬಾಳಬೇಕು, 38 ಡಿಗ್ರಿಯಲ್ಲಿ 6 ತಿಂಗಳು ಬಾಳಿದರೆ ಸಾಕು ಅಂತ ಅವರೇ ಇಟ್ಟುಕೊಂಡ ಲೆಕ್ಕ. ತಿನ್ನುವ ಪ್ಯಾಕೆಟ್ ಅದೇ, ಸೆಕೆ ಬೇರೆ.

ಊರಿಗೆ ಬಂದ ಮೇಲೆ ಮೊದಲು ಕೈ ಹಾಕಿದ್ದು ಪಲಾವ್‌ಗೆ. ಮೈಸೂರಿನಲ್ಲಿರುವ ರಕ್ಷಣಾ ಆಹಾರ ಪ್ರಯೋಗಾಲಯ ಡಿಎಫ್‌ಆರ್‌ಎಲ್‌ನವರ ಪೌಚ್ ಊಟ ತಿಂದಿದ್ದೆನಲ್ಲ, ಕುಕ್ಕರಿನಲ್ಲೇ ಮಾಡೋಣ ಅಂದುಕೊಂಡೆ. ಸೀಲಿಂಗ್ ಮಷಿನ್, ಫಾಯಿಲ್ ಪೌಚ್ ಎಲ್ಲ ಸೇರಿ ಆರೇಳು ಸಾವಿರ ಹೋಯಿತು. ಅರ್ಧ ಪೌಚು ಕುಕ್ಕರಿನೊಳಗೇ ಬಾಯಿ ಬಿಟ್ಟವು. ಉಳಿದವು ಎರಡನೇ ವಾರಕ್ಕೆ ದಿಂಬಿನ ಹಾಗೆ ಉಬ್ಬಿದವು. ಹಸುವಿಗೂ ಹಾಕದೆ ಗುಂಡಿ ತೋಡಿ ಮುಚ್ಚಿದೆ. ರಿಟಾರ್ಟ್‌ನಲ್ಲಿ, ಅಂದರೆ ಕಾರ್ಖಾನೆಯಲ್ಲಿ ಪೌಚ್ ಬೇಯಿಸುವ ಒತ್ತಡದ ಯಂತ್ರದಲ್ಲಿ, 121 ಡಿಗ್ರಿ ಕಾವು ಪೌಚಿನ ನಟ್ಟನಡುವಿಗೂ ಮುಟ್ಟಬೇಕು, ತಣಿಸುವಾಗಲೂ ಹೊರಗಿನಿಂದ ಒತ್ತಡ ಇರಬೇಕು. ಮನೆ ಕುಕ್ಕರಿಗೆ ಅದು ಆಗದು. ಬೊಟುಲಿನಮ್ ಅನ್ನುವ ವಿಷದ ಬ್ಯಾಕ್ಟೀರಿಯಾ ಗಾಳಿ ಇಲ್ಲದ ಕಡೆಯೇ ಬೆಳೆಯುತ್ತದೆ, ವಿಷ ತುಂಬಿದರೂ ವಾಸನೆ ಬರಲೇಬೇಕೆಂದಿಲ್ಲ. ಒದ್ದೆ ಅಡುಗೆಗೆ ಮನೆಯಲ್ಲಿ ಪೌಚ್ ಹಾಕಲೇಬೇಡಿ.

ಆಮೇಲೆ ಒಣ ತಿಂಡಿಗೆ ಬಂದೆ. ಮೊದಲ ಹತ್ತು ಕೆಜಿ ಶಕ್ಕರ್‌ಪಾರೆ ಶೀಟಿನ ಅಟ್ಟದಲ್ಲಿ ಮೂರೇ ತಿಂಗಳಿಗೆ ಕಮಟಾಯಿತು. ಸಾವಿರದ ಇನ್ನೂರು ರೂಪಾಯಿ ಮಣ್ಣುಪಾಲು. ಎರಡನೇ ಸಲ ಆಕ್ಸಿಜನ್ ಹೀರುವ ಪುಡಿಚೀಟಿ ಹಾಕಿ ಸೀಲ್ ಮಾಡಿದೆ. ಐದಾರು ತಿಂಗಳು ಎಳೆಯಿತು, ಅಷ್ಟೇ. "ಪೆನ್ಷನ್ ದುಡ್ಡೆಲ್ಲ ಎಣ್ಣೆಗೇ ಹಾಕ್ತೀರಾ?" ಅಂದಳು ಮನೆಯವಳು.

ಆಗ ಹಗೇವು ನೆನಪಾಯಿತು. ಏಪ್ರಿಲ್ ಮಧ್ಯಾಹ್ನ ಅಟ್ಟದಲ್ಲಿ 44 ಡಿಗ್ರಿ. ಹಗ್ಗ ಕಟ್ಟಿ ಥರ್ಮಾಮೀಟರ್ ಹಗೇವಿಗೆ ಬಿಟ್ಟೆ, 27ರ ಆಸುಪಾಸು! ಪೌಚುಗಳನ್ನು ಮುಚ್ಚಳದ ಸ್ಟೀಲ್ ಡ್ರಮ್ಮಿಗೆ ತುಂಬಿ ಇಳಿಸಿದೆ. ಹಗೇವಿಗೆ ಇಳಿಯುವ ಮೊದಲು ಬಾಯಿ ಕಲ್ಲು ತೆಗೆದು ಒಂದಿಡೀ ದಿನ ಬಿಡಿ, ದೀಪ ಇಳಿಸಿ ನೋಡಿ. ದೀಪ ಆರಿದರೆ ಯಾರೂ ಇಳಿಯಬಾರದು. ನಮ್ಮ ತಾತ ಇದನ್ನು ತಪ್ಪಿಸಿದ್ದೇ ಇಲ್ಲ.

ಜೊತೆಗೆ ಅಂಗಡಿಯ ಉಪ್ಪಿಟ್ಟಿನ ಪೌಚ್ ಒಂದನ್ನು ಅಟ್ಟದಲ್ಲಿ, ಒಂದನ್ನು ಹಗೇವಿನಲ್ಲಿ ಇಟ್ಟಿದ್ದೆ. ಹನ್ನೊಂದನೇ ತಿಂಗಳು ಬಿಚ್ಚಿದಾಗ ಅಟ್ಟದ್ದು ಕಂದು ತಿರುಗಿ ಅಂಟಂಟಾಗಿತ್ತು. ಹಗೇವಿನದರ ಬಣ್ಣ ಮಾಸಿರಲಿಲ್ಲ. ಬೆಲ್ಲ ಬೆರೆಸಿದ ರಾಗಿ ಹುರಿಹಿಟ್ಟು ಮಾತ್ರ ಕಲ್ಲಿನಂತೆ ಗಟ್ಟಿಯಾಯಿತು. ಈಗ ಬೆಲ್ಲ ಬೇರೆ ಕಟ್ಟುತ್ತೇನೆ.

ಶಕ್ಕರ್‌ಪಾರೆ ಹಿಟ್ಟು ಕಲಸುವಾಗ ಹಾಕುವ ಒಂದು ಪದಾರ್ಥ ಇದೆ. ಅದನ್ನು ಹೇಳುವುದಿಲ್ಲ, ಮಗಳು ಇದರಲ್ಲೇ ವ್ಯಾಪಾರ ಶುರು ಮಾಡುವವಳಿದ್ದಾಳೆ. ಈ ಸಲ ಕಡಲೆಕಾಯಿ ಚಿಕ್ಕಿ ಇಳಿಸಿದ್ದೇನೆ. ಎಣ್ಣೆ ಅಂಶ ಜಾಸ್ತಿ, ಬೇಗ ಕಮಟಾಗುವ ಜಾತಿ ಅಲ್ವಾ? ದೀಪಾವಳಿಗೆ ಮೊದಲ ಪೌಚ್ ಕತ್ತರಿಸುತ್ತೇನೆ.